ಕಟ್ಟು ಬಿಗಿಯಾಗಿದೆ ಎಂದಿದ್ದರು

ಶಸ್ತ್ರಚಿಕಿತ್ಸಕನಾಗಿ ಗ್ಯಾಸ್ ಗ್ಯಾಂಗ್ರೀನ್, ಅಂದರೆ ಸ್ನಾಯುವನ್ನು ಸಾಯಿಸಿ ಒಳಗೆ ಅನಿಲ ತುಂಬುವ ಸೋಂಕು, ಕಂಡದ್ದು ಬೆರಳೆಣಿಕೆಯಷ್ಟು ಸಲ. ಮೊದಲ ಸಲ ನಾನು ತಡ ಮಾಡಿದೆ.

ಚಕ್ರಕ್ಕೆ ಸಿಕ್ಕಿ ರೋಗಿಯ ಮೀನಖಂಡ ಹರಿದಿತ್ತು, ಗಾಯದ ತುಂಬ ಮಣ್ಣು. ತೊಳೆದು ಹೊಲಿಗೆ ಹಾಕಿದೆ. ಮಣ್ಣು ಹೊಕ್ಕ ಗಾಯವನ್ನು ಅಂದೇ ಮುಚ್ಚಬಾರದು ಎಂಬುದು ಗೊತ್ತಿಲ್ಲದ್ದೇನಲ್ಲ. ನೋಡಲು ಶುಚಿಯಾಗಿತ್ತು, ಅಷ್ಟಕ್ಕೇ ನಂಬಿದೆ. ಮರುದಿನ ರಾತ್ರಿ ರೋಗಿ, "ಡಾಕ್ಟ್ರೇ, ಕಟ್ಟು ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡಿ" ಎಂದರು. ಸಡಿಲಿಸಿದೆ, ನೋವು ಇಳಿಯಲಿಲ್ಲ. ಚರ್ಮ ತುಸು ಬಿಳಿಚಿ ಊದಿತ್ತು. ಜ್ವರ 100 ಡಿಗ್ರಿ ಕೂಡ ಇಲ್ಲ, ನಾಡಿ ಮಾತ್ರ 130. ಹೊರಗೆ ಕಾಣುವ ಗಾಯಕ್ಕೂ ನೋವಿಗೂ, ಜ್ವರಕ್ಕೂ ನಾಡಿಗೂ ತಾಳೆಯಾಗದಿದ್ದರೆ ಒಳಗೆ ಸ್ನಾಯು ಸಾಯುತ್ತಿರಬಹುದು. ನಾನು ನೋವಿನ ಇಂಜೆಕ್ಷನ್ ಬರೆದು ಹೊರಟುಹೋದೆ.

ಬೆಳಗಿನ ಜಾವಕ್ಕೆ ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ, ಕಪ್ಪು ನೀರು ತುಂಬಿದ ಬೊಬ್ಬೆಗಳು ಎದ್ದಿದ್ದವು. ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಣಗಿದ ಎಲೆ ಮುರಿದಂತೆ ಚರ್ಮದಡಿಯ ಅನಿಲ ಚರಚರ ಎಂದಿತು. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದೆ. ಥಿಯೇಟರ್ ಸಿದ್ಧವಾಗುವಷ್ಟರಲ್ಲಿ ಊತ ಆ ಗೆರೆಯನ್ನು ಎರಡು ಬೆರಳು ದಾಟಿತ್ತು.

ಗಾಯದ ನೀರನ್ನು ಸ್ಲೈಡಿಗೆ ಹಚ್ಚಿ ನೋಡಿದರೆ ದಪ್ಪ ನೇರಳೆ ಕಡ್ಡಿಗಳು: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ಕೀವು ಆಗುವುದು ಬಿಳಿ ರಕ್ತಕಣಗಳಿಂದ, ಇಲ್ಲಿ ಅವು ಹುಡುಕಿದರೂ ಸಿಗವು. ಕೀವಿಲ್ಲವಲ್ಲ ಎಂದು ಹಿಂದಿನ ರಾತ್ರಿ ಸಮಾಧಾನಪಟ್ಟವನು ನಾನೇ! ಇದರ ವಿಷಗಳು ಬಿಳಿ ಕಣಗಳನ್ನು ರಕ್ತನಾಳದಲ್ಲೇ ತಡೆದು ನಿಲ್ಲಿಸುತ್ತವೆ, ಗಾಯದವರೆಗೆ ಬರಗೊಡುವುದಿಲ್ಲ. ಅವುಗಳಲ್ಲಿ ಆಲ್ಫಾ ಟಾಕ್ಸಿನ್ ಎಂಬುದು ಜೀವಕೋಶದ ಪೊರೆಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬನ್ನೇ ಒಡೆಯುತ್ತದೆ. ನಾಳಗಳು ಕಟ್ಟಿಕೊಂಡು ರಕ್ತ ನಿಂತರೆ ಆಮ್ಲಜನಕವೂ ನಿಲ್ಲುತ್ತದೆ. ಆಮ್ಲಜನಕ ಸೇರದ ಈ ಕಡ್ಡಿಗಳಿಗೆ ಬೇಕಾದದ್ದೂ ಅದೇ. ಹೀಗೆ ಸೋಂಕು ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತಾ ಮೇಲೇರುತ್ತದೆ.

ಪೆನಿಸಿಲಿನ್, ಕ್ಲಿಂಡಮೈಸಿನ್ ಎರಡನ್ನೂ ಶುರು ಮಾಡಿದೆವು. ಮೊದಲನೆಯದು ಬ್ಯಾಕ್ಟೀರಿಯಾವನ್ನು ಕೊಲ್ಲಲು, ಎರಡನೆಯದು ವಿಷದ ತಯಾರಿಕೆಯನ್ನೇ ನಿಲ್ಲಿಸಲು. ಆದರೆ ರಕ್ತ ಹರಿಯದ ಕಡೆಗೆ ಔಷಧಿ ಹೋಗುವುದಾದರೂ ಹೇಗೆ? ಕೊಯ್ದು ತೆಗೆಯಲೇಬೇಕು. ಹೊಲಿಗೆ ಬಿಚ್ಚುತ್ತಿದ್ದಂತೆ ಸಿಹಿ ಬೆರೆತ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಸ್ನಾಯು ಬೇಯಿಸಿದಂತೆ ಮಂಕಾಗಿತ್ತು. ಫೋರ್ಸೆಪ್ಸ್‌ನಿಂದ ಚಿವುಟಿದರೆ ಮಿಡುಕಲಿಲ್ಲ, ಕತ್ತರಿಸಿದರೆ ರಕ್ತ ಜಿನುಗಲಿಲ್ಲ. ಮಿಡುಕಿ ರಕ್ತ ಸುರಿಸುವ ಸ್ನಾಯು ಸಿಗುವವರೆಗೆ ಕೊಯ್ಯುತ್ತಾ ಹೋಗಬೇಕು. ನಾನು ಕಾಲು ಉಳಿಸುವ ಆಸೆಯಲ್ಲಿ ಅನುಮಾನವಿದ್ದ ಸ್ನಾಯುವಿನ ಒಂದು ಪಟ್ಟಿಯನ್ನು ಬಿಟ್ಟೆ. ಹನ್ನೆರಡು ಗಂಟೆಯಲ್ಲಿ ಅದೂ ಕಪ್ಪಾಗಿತ್ತು. ಕೊನೆಗೆ ಮೊಣಕಾಲಿನ ಮೇಲೆ ಕತ್ತರಿಸಿ, ತುದಿಯನ್ನು ಹೊಲಿಯದೆ ತೆರೆದೇ ಬಿಟ್ಟೆವು. ಜೀವ ಉಳಿಯಿತು.

ಅಧಿಕ ಒತ್ತಡದ ಆಮ್ಲಜನಕದ ಕೋಣೆ ಇದ್ದರೆ ಬಳಸಬಹುದು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಮುಂದೂಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಇನ್ನೊಂದು: ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಈ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪ, ಸಾಯವು. ಕೈಗೆ ಸೋಪು ಹಚ್ಚಿ ಉಜ್ಜಿ ತೊಳೆದುಬಿಡಬೇಕು.

ಈಗ ಯಾರಾದರೂ ಕಟ್ಟು ಬಿಗಿ ಎಂದರೆ ಸಡಿಲಿಸುವುದಿಲ್ಲ, ಪೂರ್ತಿ ಬಿಚ್ಚಿ ನೋಡುತ್ತೇನೆ, ನಡುರಾತ್ರಿಯಾದರೂ ಸರಿ. ರಾತ್ರಿ ಪಾಳಿಯ ಸಿಸ್ಟರ್ ಗೊಣಗುತ್ತಾರೆ, ಮತ್ತೆ ಡ್ರೆಸ್ಸಿಂಗ್ ಮಾಡಬೇಕಾದವರು ಅವರೇ ತಾನೆ.