ಅರಬಿ ಓದುಗರಿಗೆ ಇಂಗ್ಲಿಷ್ ಪಠ್ಯ ಎಷ್ಟು ಕಷ್ಟ? ನಾನು ಅಳೆಯುವ ಬಗೆ

ಮಸ್ಕತ್‌ನಲ್ಲಿ ಸಂಜೆ ಹೊತ್ತು ಕೆಲಸ ಮುಗಿಸಿ ಬರುವ ಒಮಾನಿಗಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಡ್ರೈವರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಬಂದರಿನ ಕೆಲಸದವರು. ಅರಬಿಯನ್ನು ಎಲ್ಲರೂ ಸಲೀಸಾಗಿ ಓದುತ್ತಾರೆ. ಇವರಿಗೆ ಅಳತೆ ಮೀರಿದ ಪಾಠ ಕೊಟ್ಟರೆ ಮಕ್ಕಳ ಹಾಗೆ ಗಲಾಟೆ ಮಾಡುವುದಿಲ್ಲ, ಸುಮ್ನೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಪಾಠ ಆರಿಸುವ ಮೊದಲು ಅದರ ಕಷ್ಟ ಎಷ್ಟು ಅಂತ ಅಳೆಯಲೇಬೇಕು.

ಎಲ್ಲರ ಕೈಗೂ ಮೊದಲು ಸಿಗುವುದು 1948ರ ಫ್ಲೆಶ್ ಸೂತ್ರ. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಸಿಲಬಲ್ (ಒಂದು ಸ್ವರದ ಸುತ್ತ ನಿಲ್ಲುವ ಉಚ್ಚಾರದ ತುಂಡು) ಅಂತ ಎಣಿಸಿ ಅಂಕ ಕೊಡುತ್ತದೆ. ಅಂಕ ಜಾಸ್ತಿ ಬಂದಷ್ಟೂ ಓದು ಸುಲಭ. 'ಶಿ ಪುಟ್ ಆಫ್ ದ ಟ್ರಿಪ್' (ಅವಳು ಪ್ರವಾಸ ಮುಂದೂಡಿದಳು) ವಾಕ್ಯಕ್ಕೆ ಲೆಕ್ಕ ಹಾಕಿದರೆ ಸುಮಾರು 117. ಅದೇ ಅರ್ಥದ 'ಶಿ ಪೋಸ್ಟ್‌ಪೋನ್ಡ್ ದ ಟ್ರಿಪ್'ಗೆ 97. ನನ್ನ ತರಗತಿಯಲ್ಲಿ ಇದು ಪೂರಾ ಉಲ್ಟಾ. ಪೋಸ್ಟ್‌ಪೋನ್ ಅಂದರೆ ಒಂದು ಪದ, ಒಂದು ಅರ್ಥ, ಕಲಿತರೆ ಮುಗಿಯಿತು. 'ಪುಟ್' ಗೊತ್ತು, 'ಆಫ್' ಗೊತ್ತು, ಎರಡೂ ಸೇರಿದಾಗ ಕೈಕೊಡುತ್ತವೆ.

ಇನ್ನೊಂದು ತೊಡಕು ಸ್ವರಗಳದ್ದು. ಅರಬಿಯ ದಿನಬಳಕೆಯ ಬರಹದಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ. ವ್ಯಂಜನ ನೋಡಿ, ಸಂದರ್ಭ ಹಿಡಿದು ಓದಿಕೊಳ್ಳುತ್ತಾರೆ. ಒಂದೊಂದು ಸ್ವರಕ್ಕೂ ಕೊಂಬು, ದೀರ್ಘ, ಗುಡಿಸು ಅಂತ ಗುರುತು ಹಾಕಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. ಯಂತ್ರಕ್ಕೆ ಕಾರ್ಡ್ ಹಾಕುವ ಬಗ್ಗೆ ಇದ್ದ ಪಾಠದಲ್ಲಿ ಒಬ್ಬರು 'ಸ್ಲಾಟ್' ಅನ್ನು 'ಸಾಲ್ಟ್' ಅಂತ ಓದಿದರು. ವ್ಯಂಜನಗಳು ಅವೇ, ಅದೇ ಸಾಲಿನಲ್ಲಿ! ಈ ಬಗೆಯ ತಪ್ಪಿನ ಮೇಲೆ ಸಂಶೋಧಕರಾದ ರಯಾನ್ ಮತ್ತು ಮಿಯಾರಾ 1991ರಲ್ಲೇ ಬರೆದಿದ್ದಾರೆ. ಸೂತ್ರಕ್ಕೆ ಮಾತ್ರ 'ಸ್ಲಾಟ್' ಒಂದು ಸಿಲಬಲ್, ಅಷ್ಟೇ.

ವಾಕ್ಯದ ಉದ್ದವೂ ಹೀಗೇ. ಅರಬಿ ಬರಹದಲ್ಲಿ 'ವ' ಅಂತ ಜೋಡಿಸುತ್ತಾ ವಾಕ್ಯ ಎಷ್ಟು ದೂರ ಬೇಕಾದರೂ ಸಾಗುತ್ತದೆ. ಹಾಗಾಗಿ 'ಆಂಡ್' ಹಾಕಿ ಬೆಳೆಸಿದ ಉದ್ದನೆಯ ಇಂಗ್ಲಿಷ್ ವಾಕ್ಯ ಇವರಿಗೆ ಭಾರವಲ್ಲ. ಎಡವುವುದು 'ದ ವಾಲ್ವ್ ದ ವರ್ಕರ್ ಓಪನ್ಡ್ ಲೀಕ್ಡ್' (ಕೆಲಸಗಾರ ತೆರೆದ ವಾಲ್ವ್ ಸೋರಿತು) ಥರದ್ದರಲ್ಲಿ. ಬರೀ ಆರು ಪದ. ಅರಬಿಯಲ್ಲಾದರೆ 'ಅಲ್ಲದೀ' ಅನ್ನುವ ಕೊಂಡಿ ಇರುತ್ತದೆ, ಮುಂದೆ 'ಅದನ್ನು' ಅಂತ ಮತ್ತೆ ನೆನಪಿಸುವ ಸರ್ವನಾಮವೂ ಬರುತ್ತದೆ. ಇಂಗ್ಲಿಷ್‌ನಲ್ಲಿ ಎರಡೂ ಮಾಯ. ಸೋರಿದ್ದು ಯಾವುದು ಅಂತಲೇ ತಿಳಿಯುವುದಿಲ್ಲ.

ಅದಕ್ಕೇ ನಾನು ನೆಚ್ಚಿಕೊಂಡಿರುವುದು ಕ್ಲೋಜ್ ಪರೀಕ್ಷೆಯನ್ನು. 1953ರಲ್ಲಿ ವಿಲ್ಸನ್ ಟೇಲರ್ ಕೊಟ್ಟ ಉಪಾಯ ಇದು. ಸುಮಾರು 250 ಪದಗಳ ಭಾಗ ಆರಿಸಿ, ಪ್ರತಿ ಐದನೇ ಪದ ತೆಗೆದು ಖಾಲಿ ಬಿಡುತ್ತೇನೆ, ಓದುವವರು ಅದನ್ನು ತುಂಬಬೇಕು. ಮೊದಲ ವಾಕ್ಯ ಮುಟ್ಟುವುದಿಲ್ಲ. ಅರ್ಥ ಕೂಡಿಬಂದರೆ ಬೇರೆ ಪದಕ್ಕೂ ಅಂಕ ಕೊಡುತ್ತೇನೆ, ಕಲಿಯುವವರ ಮಾತೃಭಾಷೆ ಇಂಗ್ಲಿಷ್ ಅಲ್ಲವಲ್ಲ. 'ಎ', 'ಆನ್' ಬಿಟ್ಟ ಜಾಗಗಳನ್ನು ಮಾತ್ರ ಬೇರೆ ಕಂಬಸಾಲಿನಲ್ಲಿ ಎಣಿಸುತ್ತೇನೆ. ಅರಬಿಯಲ್ಲಿ ಅಂಥ ಪದವೇ ಇಲ್ಲ. ಅಲ್ಲಿ ತಪ್ಪಿದರೆ ಪಠ್ಯ ಕಷ್ಟವಾಗಿದೆ ಅಂತ ಹೇಳಲಾಗದು.

ಆಮೇಲೆ ಇನ್ನೊಂದು ಹಂತ. ಪಾಠದ ಮೇಲೆ ಪ್ರಶ್ನೆಗಳನ್ನು ಅರಬಿಯಲ್ಲೇ ಕೊಟ್ಟು, ಉತ್ತರವನ್ನೂ ಅರಬಿಯಲ್ಲೇ ಬರೆಸುತ್ತೇನೆ. ಅರಬಿ ಬಲ್ಲ ಸಹೋದ್ಯೋಗಿ ತಿದ್ದುತ್ತಾರೆ. ಇಪ್ಪತ್ತು ವರ್ಷ ವೈರಿಂಗ್ ಮಾಡಿದವರಿಗೆ ಓದಿದ್ದು ಚೆನ್ನಾಗೇ ಅರ್ಥವಾಗಿರುತ್ತದೆ, ಇಂಗ್ಲಿಷ್‌ನಲ್ಲಿ ಬರೆಯಲು ಮಾತ್ರ ಕೈ ಓಡುವುದಿಲ್ಲ. ಓದನ್ನು ಅಳೆಯಲು ಹೊರಟು ಬರವಣಿಗೆಯನ್ನು ಅಳೆದರೆ ಅದು ಅವರಿಗೆ ಮಾಡುವ ಅನ್ಯಾಯ. ಇನ್ನು 'ಎಲೆಕ್ಟ್ರಿಸಿಟಿ', ಐದು ಸಿಲಬಲ್‌ನ ಪದ, ಸೂತ್ರದ ಲೆಕ್ಕಕ್ಕೆ ಕಷ್ಟ, ಅವರಿಗೆ ಮಾತ್ರ ದಿನದ ಮಾತು.

ಎರಡರಲ್ಲೂ ಅಂಕ ಕಡಿಮೆ ಬಂದರೆ ಪಾಠ ಎಸೆಯುವುದಿಲ್ಲ. ಬಿಟ್ಟುಹೋದ 'ದಟ್', 'ವಿಚ್'ಗಳನ್ನು ವಾಪಸ್ ಸೇರಿಸುತ್ತೇನೆ, 'ಪುಟ್ ಆಫ್' ಥರದವನ್ನು ಬದಲಿಸುತ್ತೇನೆ. ತಿದ್ದಿದ್ದನ್ನು ಬೇರೆ ಗುಂಪಿಗೆ ಕೊಡುತ್ತೇನೆ. ಮೊದಲಿನವರಿಗೆ ಖಾಲಿ ಜಾಗದ ಪದಗಳು ನೆನಪಿರುತ್ತವೆ, ಅಲ್ವಾ?