ಆಯೇರಿಗೂ ಪಾವತಿ ಬೇಕಾಯಿತು

ನಮ್ಮ ಮೇಳದಲ್ಲಿ ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಹೊಟ್ಟೆಪಾಡಿಗೆ ಮುಧೋಳ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಚೀಟಿ ಬರೆಯುವ ಕೆಲಸ. ಸರ್ಕಾರದ ಧನಸಹಾಯ ಕೇಳಲು ಸಂಘ ಕಟ್ಟಬೇಕೆಂದು ತೀರ್ಮಾನವಾದಾಗ, ಚೀಟಿ ಬರೆದು ರೂಢಿ ಇದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು.

ನಾವು ಆಡುವುದು ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ. ಕುಲಗೋಡ ತಮ್ಮಣ್ಣನಿಂದ ಊರೂರಿಗೆ ಹಬ್ಬಿದ, ಕೌಜಲಗಿ ನಿಂಗಮ್ಮ ರಂಗವೇರಿ ಮೆರೆಸಿದ ಆಟ. ನಮ್ಮ ಭಾಗವತರ ಅಜ್ಜನ ಕಾಲದಿಂದಲೂ ಊರಲ್ಲಿ ಮೇಳವಿದೆ. ಆದರೆ ಕಾಗದದಲ್ಲಿ ಇರಲಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಏಳು ಜನರ ಆಧಾರ್ ಕಾರ್ಡ್ ತರಿಸಿ ನೋಡಿದರೆ ನಾನು ಹುಟ್ಟಿದಾಗಿನಿಂದ ಕರೆಯುತ್ತಿದ್ದ ಹೆಸರು ಇಬ್ಬರಿಗೆ ಇರಲೇ ಇಲ್ಲ. ಬೈಲಾ ಬರೆಸಿ, ಠರಾವು ಮಾಡಿ, ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಮತ್ತು ಬ್ಯಾಂಕ್ ಖಾತೆ ಮಾಡಿಸಿದೆವು. ಅದೇ ಉಮೇದಿನಲ್ಲಿ ಅರ್ಜಿಯನ್ನೂ ಹಾಕಿದೆವು. ತಿರಸ್ಕೃತವಾಯಿತು. ನೋಂದಣಿಯಾಗಿ ಮೂರು ವರ್ಷ ತುಂಬಿರಬೇಕಿತ್ತು. ನಮ್ಮ ಸಂಘಕ್ಕೆ ಹನ್ನೊಂದು ತಿಂಗಳು. ನಿಯಮ ಓದದೆ ಅರ್ಜಿ ತುಂಬಿದವನು ನಾನೇ, ಯಾರನ್ನು ದೂರಲಿ?

"ನಮ್ಮ ಅಜ್ಜ ಆಡಿದ್ದು ಲೆಕ್ಕಕ್ಕೆ ಬರುವುದಿಲ್ಲವೇನು ತಮ್ಮಾ?" ಎಂದು ಭಾಗವತ ಕಾಕಾ ಕೇಳಿದರು. ಬರುವುದಿಲ್ಲ ಕಾಕಾ ಎಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ಮನಾದರು.

ಕಾಯಬೇಕಾದ ಎರಡು ವರ್ಷಗಳಲ್ಲಿ ನಿಜವಾಗಿ ಬೆವರಿಳಿಸಿದ್ದು ಲೆಕ್ಕಪತ್ರ. ಮೇಳದ ಆದಾಯ ಎರಡು ಬಗೆ: ಜಾತ್ರಾ ಕಮಿಟಿಯವರು ಕೊಡುವ ವೀಳ್ಯ ಮತ್ತು ಆಟದ ನಡುವೆ ನೋಡುವವರು ಮೆಚ್ಚಿ ಕೊಡುವ ಆಯೇರಿ. ಸತ್ಯಭಾಮೆ ಕೃಷ್ಣನ ಮೇಲೆ ಮುನಿಸಿಕೊಂಡು ಕೂತಾಗ ಯಾರೋ ಒಬ್ಬರು ಎದ್ದು ಬಂದು ಅವಳ ಸೆರಗಿಗೆ ನೂರರ ನೋಟು ಪಿನ್ನು ಹಾಕುತ್ತಾರೆ. ಕೊರವಂಜಿ ಬಂದಾಗಲಂತೂ ಹತ್ತು, ಇಪ್ಪತ್ತರ ನೋಟುಗಳ ಸುರಿಮಳೆ. ಬೆಳಗಿನ ಜಾವ ಅದನ್ನೆಲ್ಲ ಟವೆಲ್ ಮೇಲೆ ಸುರಿದು ಹಂಚಿಕೊಳ್ಳುವುದು ನಮ್ಮ ಪದ್ಧತಿ. ಲೆಕ್ಕ ಪರಿಶೋಧಕರು ಕನ್ನಡಕ ತೆಗೆದು, "ಇದಕ್ಕೆ ಪಾವತಿ ಎಲ್ಲಿ?" ಎಂದರು. ಪಾವತಿ ಎಂದರೆ ನಮ್ಮ ಕಡೆ ರಸೀದಿ. ಮುನಿಸಿಕೊಂಡ ಸತ್ಯಭಾಮೆ ಪಾವತಿ ಪುಸ್ತಕ ಹಿಡಿದು ಕೂರುವುದು ಹೇಗೆ?

ದಾರಿ ಆಟದಲ್ಲೇ ಇತ್ತು. ಆಯೇರಿ ಕೊಟ್ಟವರ ಹೆಸರು, ಊರು, ಮೊತ್ತವನ್ನು ಮೈಕಿನಲ್ಲಿ ಕೂಗುವ ರೂಢಿ ನಮ್ಮಲ್ಲಿದೆ. ಕೂಗಿದ್ದನ್ನು ಕೂಗಿದ ಹಾಗೆಯೇ ಬರೆದುಕೊಳ್ಳಲು ತಬಲಾದವನ ಮಗನನ್ನು ರಂಗದ ಬದಿಗೆ ಕೂರಿಸಿದೆ. ಆಟ ಮುಗಿದ ಮೇಲೆ ಪುಟದ ಕೆಳಗೆ ಕಮಿಟಿಯ ಹಿರಿಯರೊಬ್ಬರ ಸಹಿ. ಅಷ್ಟನ್ನು ಲೆಕ್ಕ ಪರಿಶೋಧಕರು ಒಪ್ಪಿದರು. ಆ ವಹಿ ತೆರೆದ ಮೇಲೆ ಆಯೇರಿ ಹಂಚುವಾಗಿನ ಜಗಳವೂ ನಿಂತಿತು. ಅದನ್ನು ನಾನು ಎಣಿಸಿರಲಿಲ್ಲ.

ಅರ್ಜಿಯ ಕಡತಕ್ಕೆ ಹಾಕುವ ಆಟದ ಫೋಟೋದ್ದು ಇನ್ನೊಂದು ಕಥೆ. ರಾತ್ರಿ ಆಟವಾದ್ದರಿಂದ ಮೊಬೈಲಿನಲ್ಲಿ ಕಿರೀಟದ ಮಿಂಚು ಬಿಟ್ಟರೆ ಏನೂ ಮೂಡುತ್ತಿರಲಿಲ್ಲ. ಊರು, ದಿನಾಂಕ ಇರುವ ಬ್ಯಾನರ್ ಕಟ್ಟೋಣ ಎಂದರೆ, ಕೃಷ್ಣ ಪರಮಾತ್ಮನ ಬೆನ್ನಿಗೆ ಪ್ಲಾಸ್ಟಿಕ್ ಬೇಡ ಎಂದು ಕಾಕಾ ಹಟ ಹಿಡಿದರು. ಹಿಮ್ಮೇಳದ ಬದಿಗೆ ಕಟ್ಟಿದೆವು. ಹಾಗಾಗಿ ನಮ್ಮ ಕಡತದ ಎಲ್ಲ ಫೋಟೋಗಳಲ್ಲೂ ನಾನೇ ಎದ್ದು ಕಾಣುತ್ತೇನೆ.

ನಡುವೆ ಪಂಚಾಯಿತಿಯ ಸದಸ್ಯರೊಬ್ಬರಿಗೆ ನಮ್ಮೂರಿಗೆ 'ಪಾರಿಜಾತದ ಊರು' ಎಂಬ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ತರಿಸುವ ಹುಮ್ಮಸ್ಸು ಬಂತು. ಸತ್ಯಭಾಮೆ ಉಡುವ ಇಳಕಲ್ಲ ಸೀರೆಗೆ ಅದು ಇದೆಯಲ್ಲ ಎಂಬುದು ಅವರ ವಾದ. 1999ರ ಆ ಕಾಯ್ದೆ ಸರಕಿಗೆ ಸಂಬಂಧಿಸಿದ್ದು. ಸೀರೆ ಸರಕು, ಸೀರೆ ಉಟ್ಟು ಹಾಡುವವಳು ಸರಕಲ್ಲ. ನಮಗೆ ಗುರುತು ಸಿಕ್ಕಿದ್ದು ಬೇರೆ ಕಡೆಯಿಂದ. ಮೊದಲು ಬಯಲಾಟ, ಯಕ್ಷಗಾನ ಎರಡೂ ಒಂದೇ ಅಕಾಡೆಮಿಯಲ್ಲಿದ್ದವು. 2017ರಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಪ್ರತ್ಯೇಕವಾಯಿತು. ಅದರ ಕಚೇರಿ ಬಾಗಲಕೋಟೆಯಲ್ಲೇ ಇದೆ. ದೊಡ್ಡಾಟ, ಸಣ್ಣಾಟ, ಪಾರಿಜಾತ, ಗೊಂಬೆಯಾಟಗಳೆಲ್ಲ ಅದರ ವ್ಯಾಪ್ತಿಯವು. ನಮ್ಮ ಕಲೆಗೆ ಸರ್ಕಾರದ ಪಟ್ಟಿಯಲ್ಲಿ ಅದರದೇ ಹೆಸರಿದೆ ಎಂಬುದು ಸಣ್ಣ ಮಾತಲ್ಲ. ಮೊದಲ ಅರ್ಜಿಯಲ್ಲಿ ನಾನು ಕಲಾಪ್ರಕಾರದ ಮುಂದೆ 'ನಾಟಕ' ಎಂದು ಬರೆದಿದ್ದೆ. ಈಗ 'ಬಯಲಾಟ, ಶ್ರೀಕೃಷ್ಣ ಪಾರಿಜಾತ' ಎಂದು ಪೂರ್ತಿ ಬರೆಯುತ್ತೇನೆ.

ಮೂರು ವರ್ಷ ತುಂಬಿದ ಮೇಲೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಮತ್ತೆ ಅರ್ಜಿ ಹಾಕಿದೆವು. ಕೇಳಿದ್ದರಲ್ಲಿ ಸುಮಾರು ಮೂರನೆಯ ಒಂದು ಪಾಲು ಬಂತು. ಮುಂಗಡವಾಗಿ ಏನನ್ನೂ ಕೊಂಡಿರಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಮ್ಮ ಕೃಷ್ಣ ಸಾಲ ಮಾಡಿ ಹೊಸ ಕಿರೀಟ ಮಾಡಿಸಿಕೊಂಡಿದ್ದ. ಬಂದ ಹಣದಲ್ಲಿ ಪೇಟಿ ರಿಪೇರಿಯಾಯಿತು, ನಾಲ್ಕು ಮಕ್ಕಳಿಗೆ ಬೇಸಿಗೆಯಲ್ಲಿ ಹಾಡು ಕಲಿಸಿದೆವು. ತಬಲಾಕ್ಕೆ ಚರ್ಮ ಕಟ್ಟುವ ಜಮಖಂಡಿಯ ಅಜ್ಜನ ಹತ್ತಿರ ಬಿಲ್ ಪುಸ್ತಕವಿಲ್ಲ. ವೋಚರ್ ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಐದು ಸಾವಿರ ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಬೇಕೆಂಬುದು ಕಾರ್ಖಾನೆಯ ಕೆಲಸದಿಂದ ಗೊತ್ತಿತ್ತು. ಸ್ಟ್ಯಾಂಪ್ ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ. ಖರ್ಚಿನ ವಿವರ, ಹಣ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ವರ್ಷ ಬಾಗಿಲು ತಟ್ಟುವುದೇ ಬೇಡ.

ಈಗ ಹಿಡಿದಿರುವುದು ಕಾಕಾನ ಮಾಸಾಶನದ ಅರ್ಜಿ. ಕಲಾವಿದರಿಗೆ 58 ವರ್ಷ ತುಂಬಿರಬೇಕು. ಕಾಕಾ ಎಪ್ಪತ್ತು ದಾಟಿದ್ದಾರೆಂದು ಅವರ ಹಲ್ಲು, ಮೊಮ್ಮಕ್ಕಳು, ಇಡೀ ಊರು ಸಾಕ್ಷಿ ಹೇಳುತ್ತದೆ. ಆಧಾರ್ ಕಾರ್ಡ್ ಮಾತ್ರ ಯಾರದೋ ಅಂದಾಜಿನಲ್ಲಿ ಅವರನ್ನು ಜನವರಿ ಒಂದರಂದು ಹುಟ್ಟಿಸಿ 56ಕ್ಕೆ ನಿಲ್ಲಿಸಿದೆ. ಎರಡನೇ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದೆ ಎನ್ನುತ್ತಾರೆ. ಹಳೆಯ ದಾಖಲಾತಿ ರಿಜಿಸ್ಟರಿನ ಅಂಚನ್ನು ಗೆದ್ದಲು ತಿಂದಿದೆ, ಹೆಸರುಗಳು ಉಳಿದಿವೆಯಂತೆ. ಸೋಮವಾರ ಬಂದು ನೋಡಿರಿ ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ.