‘ಯೂಜಿನಿ ರಾಣಿಯ ಒಡವೆ’ ಎಂಬ ಮಾತನ್ನು ನಾನು ಒರೆಗೆ ಹಚ್ಚುವ ಬಗೆ

ಹಳೆಯ ಫ್ರೆಂಚ್ ಒಡವೆ ಎಂದರೆ ಸಾಕು, ಮಾರುವವರ ಬಾಯಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಮಡದಿ ಯೂಜಿನಿಯ ಹೆಸರು ಬಂದೇ ಬರುತ್ತದೆ. ಲೂಪ್ (ಹರಳು ನೋಡುವ ಭೂತಗನ್ನಡಿ) ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುವುದು ಒಂದೇ: ಇದು ಅವಳ ಸ್ವಂತದ್ದೋ, ಫ್ರಾನ್ಸ್ ಸರ್ಕಾರದ್ದೋ?

1853ರಲ್ಲಿ ಮದುವೆಯಾದ ಮೇಲೆ ಅವಳು ತೊಟ್ಟ ಹೆಸರಾಂತ ಒಡವೆಗಳು ಹೆಚ್ಚಾಗಿ ಸರ್ಕಾರಿ ಖಜಾನೆಯ ಹರಳುಗಳನ್ನೇ ಬಿಚ್ಚಿ ಹೊಸದಾಗಿ ಕಟ್ಟಿಸಿದವು. ಆಭರಣಕಾರ ಲೆಮೊನಿಯೆ ಮಾಡಿದ ಮುತ್ತಿನ ತಲೆಯೊಡವೆ (212 ಮುತ್ತು, 1,998 ವಜ್ರ), ಕ್ರಾಮರ್ 1855ರಲ್ಲಿ ಮಾಡಿದ ವಜ್ರದ ಬೋ ಬ್ರೂಚ್ (ರಿಬ್ಬನ್ ಗಂಟಿನಾಕಾರದ ಎದೆಪಿನ್ನು) ಎರಡೂ ಸರ್ಕಾರದವು. 1887ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಹರಾಜಾದದ್ದು ಈ ಸರ್ಕಾರಿ ಆಸ್ತಿ. ಅವಳ ಸ್ವಂತದ್ದು 1870ರಲ್ಲಿ ಗಂಡನ ಆಳ್ವಿಕೆ ಕುಸಿದ ನಂತರ ಇಂಗ್ಲೆಂಡ್ ಸೇರಿತು. ಅದರಲ್ಲಿ ಒಂದು ಪಾಲು 1872ರಲ್ಲಿ ಲಂಡನ್ನಿನ ಹರಾಜು ಸಂಸ್ಥೆ ಕ್ರಿಸ್ಟೀಸ್‌ನಲ್ಲಿ ಮಾರಾಟವಾಯಿತು. ಹಾಗಾಗಿ ‘ರಾಣಿಯ ಸ್ವಂತ ಒಡವೆ, 1887ರ ಹರಾಜಿನದು’ ಎಂಬ ಕಾಗದ ಬಂದರೆ ಅದರಲ್ಲಿ ಅರ್ಧವಾದರೂ ಸುಳ್ಳು. 1855ರ ಚಿನ್ನದ ಕಿರೀಟ ಮಾತ್ರ ಬೇರೆ ಕಥೆ. ಅದು 1875ರಲ್ಲಿ ಅವಳ ಕೈಗೇ ಮರಳಿತು.

ಹೆಚ್ಚಿನವರು ಎಡವುವುದು ತೂಕದಲ್ಲಿ. ಹರಳು ತೂಗುವ ಮಾನವಾದ ಕ್ಯಾರೆಟ್ ಇಂದು 200 ಮಿಲಿಗ್ರಾಂ. ಫ್ರಾನ್ಸಿನ ಹಳೆಯದು 205ಕ್ಕೂ ತುಸು ಹೆಚ್ಚು. ಖಜಾನೆಯ ಹಳೆಯ ಪಟ್ಟಿಗಳಲ್ಲಿ ದಶಮಾಂಶವಿಲ್ಲ, ಎಂಟರಲ್ಲೊಂದು, ಹದಿನಾರರಲ್ಲೊಂದು, ಮೂವತ್ತೆರಡರಲ್ಲೊಂದು ಎಂಬ ಲೆಕ್ಕ. ಭಿನ್ನರಾಶಿಗಳನ್ನೆಲ್ಲ ಕೂಡಿ 1.0275ರಿಂದ ಗುಣಿಸುತ್ತೇನೆ. ಗುಣಕ ಸರಿಯೇ ಎಂದು ನೋಡಲು ಅದೇ ಖಜಾನೆಯ ರೀಜೆಂಟ್ ವಜ್ರವಿದೆ: ಕೃಷ್ಣಾ ತೀರದ ಕೊಲ್ಲೂರಿನ ಈ ಹರಳು 1791ರ ಪಟ್ಟಿಯಲ್ಲಿ 136 14/16, ಈಗಿನ ಲೆಕ್ಕದಲ್ಲಿ 140.64. (ಯೂಜಿನಿ ಇದನ್ನೂ ತಲೆಗೆ ತೊಟ್ಟಿದ್ದಳು.) ಆದ್ದರಿಂದ ಹಳೆಯ ಪಟ್ಟಿಯ ಅಂಕಿ ಇಂದಿನ ತಕ್ಕಡಿಯಲ್ಲಿ ಚಾಚೂ ತಪ್ಪದೆ ಬಂದರೆ ಎಚ್ಚರವಾಗಬೇಕು: ಯಾರೋ ಪಟ್ಟಿ ನೋಡಿ ಹರಳು ಹೊಂದಿಸಿದ್ದಾರೆ, ಇಲ್ಲವೇ ತೂಗದೆ ಪಟ್ಟಿಯನ್ನೇ ನಕಲು ಮಾಡಿದ್ದಾರೆ. ಕಡಿಮೆ ಬಂದರೆ ಮರುಕಟಿಂಗ್ ಆಗಿದೆಯೇ ನೋಡಿ. ಹಳೆಯ ಕಟಿಂಗ್‌ನಲ್ಲಿ ಮೇಲಿನ ಸಪಾಟು ಮುಖ ಚಿಕ್ಕದು, ಅದರ ಸುತ್ತಲಿನ ಹೆಗಲು ಎತ್ತರ, ತಳದ ತುದಿ ಕತ್ತರಿಸಿರುವುದರಿಂದ ನಡುವೆ ಪುಟ್ಟ ಬಿಲ್ಲೆಯೊಂದು ಕಾಣುತ್ತದೆ.

ತೂಗಲೆಂದು ಹರಳನ್ನು ಬಿಚ್ಚಬೇಡಿ. ಆ ಕಾಲದಲ್ಲಿ ವಜ್ರಕ್ಕೆ ಮುಂದೆ ಬೆಳ್ಳಿ, ಹಿಂದೆ ಚಿನ್ನ. ಹಳೆಯ ಬೆಳ್ಳಿಯ ಹಿಡಿಕೆ ಒಮ್ಮೆ ಬಾಗಿಸಿದರೆ ಬಿರುಕು ಬಿಡುತ್ತದೆ. ಮಿಲಿಮೀಟರಿನಲ್ಲಿ ಅಳೆದು ಕ್ಯಾರೆಟ್ ಲೆಕ್ಕ ಹಾಕುವ ವ್ಯಾಸದ ವರ್ಗ × ಆಳ × 0.0061 ಎಂಬ ಸೂತ್ರ ದುಂಡನೆಯ ಆಧುನಿಕ ಹರಳಿಗೆ ಸರಿ. ಮೂಲೆ ದುಂಡಾದ ಹಳೆಯ ಹರಳಿಗೆ ಅದು ಅಂದಾಜು ಮಾತ್ರ, ಅದರ ಮೇಲೆ ನಾನು ತೀರ್ಪು ಕೊಡುವುದಿಲ್ಲ. ಹಿಂಬದಿ ಮುಚ್ಚಿ ಒಳಗೆ ಹೊಳಪಿನ ತಗಡು ಇಟ್ಟ ಕಟ್ಟಾದರೆ ನೀರೂ ತಾಗಿಸುವುದಿಲ್ಲ, ತಗಡು ಕಪ್ಪಾಗುತ್ತದೆ.

ಮುದ್ರೆ ನೋಡುವುದು ಪಿನ್ನು, ಕೊಂಡಿಗಳ ಮೇಲೆ. ಹದ್ದಿನ ತಲೆ 1838ರಿಂದ ಚಿನ್ನಕ್ಕೆ ಬಿದ್ದ ಮುದ್ರೆ, ಆದರೆ ಆಮೇಲೂ ಅದೇ ಮುಂದುವರಿದದ್ದರಿಂದ ಒಂದೇ ಸಾಕ್ಷಿ ಸಾಲದು. ಗೂಬೆಯ ಮುದ್ರೆ ಇದ್ದರೆ 1893ರ ನಂತರ ಫ್ರಾನ್ಸಿನಲ್ಲಿ ಬಿದ್ದದ್ದು. ಆ ಕಾಲದ ಬೆಳ್ಳಿ-ಚಿನ್ನದ ಬದಲು ಕಟ್ಟು ಪ್ಲಾಟಿನಂ ಆಗಿದ್ದರೆ ಹರಳು ಅವಳದಾಗಿರಬಹುದು, ಒಡವೆ ಅಲ್ಲ. ಮುತ್ತಿನಲ್ಲಿ ರಂಧ್ರದೊಳಗೆ ದೀಪ ಹಿಡಿದು ನೋಡುತ್ತೇನೆ: ಒಳಗಿನ ಮಣಿಗೂ ಮೇಲಿನ ಪದರಕ್ಕೂ ನಡುವೆ ಗೆರೆ ಕಂಡರೆ ಅದು ಕೃಷಿ ಮುತ್ತು, ಅಂದರೆ 20ನೇ ಶತಮಾನದ್ದು. ಗೆರೆ ಕಾಣದಿದ್ದರೆ ಎಕ್ಸ್‌ರೇಗೆ ಕಳಿಸುತ್ತೇನೆ.

ಕೊನೆಗೆ ಚಿತ್ರ. 1887ರ ಹರಾಜಿಗೆ ಒಡವೆಗಳ ಫೋಟೋ ತೆಗೆದಿದ್ದರು. ಒಡವೆಯ ಎಲೆ-ಅಲಂಕಾರಗಳ ಎಣಿಕೆ, ಅಂಚಿನ ಅಂತರ ಹೋಲಿಸಲು ಅವೇ ಆಧಾರ. ವಿಂಟರ್‌ಹಾಲ್ಟರ್ ಬರೆದ ಭಾವಚಿತ್ರಗಳನ್ನು ಅಷ್ಟಾಗಿ ನೆಚ್ಚಬಾರದು. ಬಣ್ಣದ ಕುಂಚ ಹರಳೆಣಿಸುವುದಿಲ್ಲ. ಮೇಲಾಗಿ ಒಡವೆಗಳೇ ರೂಪ ಬದಲಿಸಿದವು. ಮೇಲೆ ಹೇಳಿದ ಬೋ ಬ್ರೂಚ್ ಮೊದಲು ಸೊಂಟಪಟ್ಟಿಯ ನಡುಭಾಗವಾಗಿತ್ತು. ಆದ್ದರಿಂದ ಹಿಂಬದಿಯ ಖಾಲಿ ಸ್ಕ್ರೂ ರಂಧ್ರ, ಕತ್ತರಿಸಿದ ಕೊಂಡಿ, ಬೆಸುಗೆಯ ಗುರುತು ನನಗೆ ಮುಂಭಾಗದಷ್ಟೇ ಮುಖ್ಯ.

2025ರ ಅಕ್ಟೋಬರ್ 19ರಂದು ಆ ಬ್ರೂಚೂ ಮುತ್ತಿನ ತಲೆಯೊಡವೆಯೂ ಲೂವ್ರ್‌ನಿಂದ ಕಳುವಾದವು. ಅಂದಿನಿಂದ ಕಾಗದಪತ್ರವಿಲ್ಲದೆ ಬಿಡಿಬಿಡಿಯಾಗಿ ಬರುವ ಹಳೆಯ ಕಟಿಂಗ್‌ನ ವಜ್ರದ ಗಂಟನ್ನು ನಾನು ತೂಗುವುದೂ ಇಲ್ಲ.